ಅಘನಾಶಿನಿ ಅಳಿವೆ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನೂರು ಕುಮಟಾ ತಾಲೂಕಿನ ಹೆಗಡೆ. ಬೆಂಗಳೂರಿನ ವಿಜಯನಗರಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಊರಿಗೆ ಹೋಗಿ ಬಂದಾಗಲೆಲ್ಲ ಆಫೀಸಿನವರು, ಪಕ್ಕದ ಮನೆಯವರು, ಮಕ್ಕಳ ಸ್ನೇಹಿತರ ಅಪ್ಪ ಅಮ್ಮ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳೋದು ಅಂತ ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ಗೊತ್ತಾಗಬೇಕಾದ್ದು

ಅಳಿವೆ ಅಂದ್ರೆ ಏನು? ಕೇರಳದ ಬ್ಯಾಕ್‌ವಾಟರ್ ಥರಾನಾ?

ಹೊಳೆ ಸಮುದ್ರ ಸೇರುವ ಜಾಗ ಅಳಿವೆ. ಅಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಹೊಳೆ ಮಾತ್ರ ಯಾವಾಗಲೂ ಹೊರಗೆ ಹೋಗಲು ನೋಡುತ್ತಿರುತ್ತದೆ. ಈ ತಳ್ಳಾಟ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೂ ಅಳಿವೆ ಪ್ರದೇಶವೇ. ಕರಾವಳಿಗೆ ಇದು ತೀರಾ ಹಳೆಯ ಮಾತು. ಕುಮಟಾದಲ್ಲೂ ಭಟ್ಕಳದಲ್ಲೂ ಅಳ್ವೆಕೋಡಿ ಅನ್ನುವ ಊರುಗಳಿವೆ, ಹೆಸರಲ್ಲೇ ಅಳಿವೆ ಕೂತಿದೆ.

ಕೇರಳದ ಬ್ಯಾಕ್‌ವಾಟರ್ ಹೆಚ್ಚಾಗಿ ದಡಕ್ಕೆ ಸಮವಾಗಿ ಉದ್ದಕ್ಕೆ ಚಾಚಿಕೊಂಡ ಹಿನ್ನೀರು. ನಮ್ಮದು ಬೆಟ್ಟದ ಕಣಿವೆಯೊಳಗೆ ಸಮುದ್ರ ನುಗ್ಗಿದ ಜಾಗ. ನೆಂಟರು ಅನ್ನಬಹುದು, ಒಂದೇ ಅಲ್ಲ.

ಈ ನದಿ ಎಲ್ಲಿ ಹುಟ್ಟುತ್ತೆ, ಎಲ್ಲಿ ಮುಗಿಯುತ್ತೆ?

ಶಿರಸಿ ಪೇಟೆಯ ಶಂಕರಹೊಂಡದ ಕಡೆಯಿಂದ ಒಂದು ಹಳ್ಳ, ಮಂಜುಗುಣಿಯ ಕಡೆಯಿಂದ ಇನ್ನೊಂದು. ಎರಡೂ ಸೇರಿ ಅಘನಾಶಿನಿ. ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿ ಜಲಪಾತವಾಗಿ 116 ಮೀಟರ್ ಕೆಳಗೆ ಬೀಳುತ್ತದೆ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಅದಕ್ಕೆ ಕೆಪ್ಪ ಜೋಗ ಅಂತಲೂ ಹೆಸರು. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ನೋಡಿದ್ದಕ್ಕೆ ಲಷಿಂಗ್ಟನ್ ಫಾಲ್ಸ್ ಅಂತ ಇನ್ನೊಂದು ಹೆಸರೂ ಅಂಟಿಕೊಂಡಿತು. ಊರವರು ಅದಕ್ಕಿಂತ ಮೊದಲೇ ನೋಡಿದ್ದರು ಅನ್ನೋದು ಬೇರೆ ಮಾತು.

ಘಟ್ಟ ಇಳಿದ ಮೇಲೆ ಯಾಣದ ಕಡೆಯಿಂದ ಬರುವ ಚಂಡಿಕಾ ಹೊಳೆ ಉಪ್ಪಿನಪಟ್ಟಣದಲ್ಲಿ ಸೇರುತ್ತದೆ. ದೀವಗಿ, ಮಿರ್ಜಾನ್ ದಾಟಿ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ತದಡಿ ಉತ್ತರದ ದಡ, ಅಘನಾಶಿನಿ ದಕ್ಷಿಣದ ದಡ. ಒಟ್ಟು ಓಟ ಸುಮಾರು 120 ಕಿಲೋಮೀಟರ್. ಹುಟ್ಟಿನಿಂದ ಸಮುದ್ರದವರೆಗೆ ಮುಖ್ಯ ಹೊಳೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯ ಕಡೆ ಬೇಕಾಗುತ್ತದೆ.

ಅಘನಾಶಿನಿನೋ ತದಡಿ ಹೊಳೆನೋ? ಎರಡೂ ಹೆಸರು ಕೇಳಿದೀನಿ.

ಎರಡೂ ಒಂದೇ. ಅಘ ಅಂದರೆ ಪಾಪ, ಅದನ್ನು ನಾಶ ಮಾಡುವವಳು ಅಘನಾಶಿನಿ. ಬಂದರಿನ ಹೆಸರು ಹಿಡಿದು ತದಡಿ ಹೊಳೆ ಅಂತಲೂ ಕರೆದರು. ನಮ್ಮ ಮನೆಯಲ್ಲಿ ಬರೀ ‘ಹೊಳೆ’.

ನೀರು ಸಿಹಿಯೋ ಉಪ್ಪೋ?

ಯಾವ ತಿಂಗಳು, ಯಾವ ಊರು, ಎಷ್ಟು ಹೊತ್ತಿಗೆ ಅಂತ ಕೇಳಬೇಕು. ಚಿಕ್ಕವರಿದ್ದಾಗ ನಮಗೆ ಇದೇ ಒಂದು ಆಟ. ಶಾಲೆಯಿಂದ ಬರುವಾಗ ದೋಣಿ ಕಟ್ಟುವ ಕಡೆ ಬಗ್ಗಿ ಬೊಗಸೆ ನೀರು ನಾಲಿಗೆಗೆ ಮುಟ್ಟಿಸೋದು. ಜುಲೈನಲ್ಲಿ ಪೂರ್ತಿ ಸಪ್ಪೆ, ಮಣ್ಣಿನ ವಾಸನೆ. ದೀಪಾವಳಿ ಹೊತ್ತಿಗೆ ನಾಲಿಗೆಯ ತುದಿಗೆ ಚೂರು ಉಪ್ಪು. ಏಪ್ರಿಲಿನಲ್ಲಿ ಥೂ ಅಂತ ಉಗುಳುವಷ್ಟು. ಮಳೆಗಾಲದಲ್ಲಿ ಹೊಳೆ ಸಮುದ್ರವನ್ನು ಬಾಯಿಯವರೆಗೂ ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಸಮುದ್ರ ಉಪ್ಪಿನಪಟ್ಟಣದ ಆಸುಪಾಸಿನವರೆಗೂ ಒಳಗೆ ಬರುತ್ತದೆ.

ಇನ್ನೊಂದು ಮಜಾ ಇದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಹಾಗಾಗಿ ಮೇಲೆ ಸಪ್ಪೆ, ಅಡಿಗೆ ಉಪ್ಪು ಅಂತ ಎರಡು ಪದರ ಆಗುವುದುಂಟು. ಮೇಲಿನದು ಸಮುದ್ರದ ಕಡೆ ಜಾರುತ್ತಿರುವಾಗಲೇ ಕೆಳಗಿನದು ಊರಿನ ಕಡೆ ತೆವಳುತ್ತಿರುತ್ತದೆ.

ಉಬ್ಬರ ಇಳಿತದ ಟೈಮ್ ನಿಮ್ಮೂರಿನವರಿಗೆ ಹೇಗೆ ಗೊತ್ತಾಗುತ್ತೆ?

ಪಂಚಾಂಗದಲ್ಲಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ದೊಡ್ಡ ಉಬ್ಬರ, ದೊಡ್ಡ ಇಳಿತ. ಅಷ್ಟಮಿ ನವಮಿಗೆ ಎರಡೂ ಸಣ್ಣದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ತಿಥಿ ಗೊತ್ತಿದ್ದರೆ ಸಾಕು, ಅಜ್ಜಿ ಅಡುಗೆಮನೆಯಲ್ಲಿ ಕೂತೇ ನೀರು ಎಲ್ಲಿದೆ ಅಂತ ಹೇಳುತ್ತಿದ್ದರು.

ಇದು ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ಅಂತ ನನ್ನ ಆಫೀಸಿನ ಗೆಳೆಯನನ್ನು ಕೇಳಬೇಕು. ಬೇಸಿಗೆ ರಜೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸಂಜೆ ದೋಣಿ ಸುತ್ತಾಟಕ್ಕೆ ಹೊರಟ. ದಿನ ಹುಣ್ಣಿಮೆಯ ಮಾರನೇ ದಿನ, ಹೊತ್ತು ಇಳಿತದ್ದು. ದೋಣಿಯವನು ಹೊಸಬ. ಕಾಂಡ್ಲ (ಮ್ಯಾಂಗ್ರೋವ್) ಗಿಡದ ಹತ್ತಿರ ದೋಣಿಯ ತಳ ಕೆಸರು ಕಚ್ಚಿತು. ಇಳಿದು ತಳ್ಳೋಣ ಅಂದರೆ ಮೊಣಕಾಲವರೆಗೆ ಹೂತುಹೋಗುವ ಕೆಸರು. ಎರಡೂವರೆ ಗಂಟೆ ಕೂತರು. ದಡದಲ್ಲಿ ಬಲೆ ಒಣಗಿಸುತ್ತಿದ್ದ ಮುದುಕರೊಬ್ಬರು ಕೂಗಿ ಹೇಳಿದ ಮಾತು ಅವನಿಗೆ ಈಗಲೂ ನೆನಪಿದೆ: “ತಮಾ, ಗಡಿಬಿಡಿ ಮಾಡಬೇಡ. ಹೊಳೆ ತಾನಾಗೇ ಬಂದು ಎತ್ತತದೆ.” ಹಾಗೇ ಆಯಿತು.

ಬೆಂಗಳೂರಿಂದ ಹೋಗೋದು ಹೇಗೆ? ಏನು ನೋಡೋದು?

ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕುಮಟಾ. ಹತ್ತುವ ಮೊದಲು ಒಂದು ಉಪಾಯ: ಟಿಕೆಟನ್ನು ಗೋಕರ್ಣ ರೋಡ್‌ಗೆ ಮಾಡಿಸಿ. ಕುಮಟಾ ದಾಟಿ ಮಿರ್ಜಾನ್ ಬರುವ ಮೊದಲು ಕೊಂಕಣ ರೈಲು ಇದೇ ಹೊಳೆಯ ಮೇಲೆ ಹೋಗುತ್ತದೆ, ಪುಕ್ಕಟೆಯಾಗಿ ಅಳಿವೆ ನೋಡಬಹುದು. ಆಮೇಲೆ ಅಘನಾಶಿನಿ ಊರಿನಿಂದ ತದಡಿಗೆ ತಾರಿ ದಾಟಿ. ತಾರಿ ಅಂದರೆ ದೋಣಿ ದಾಟುವ ಕಡವು. ರಸ್ತೆಯಲ್ಲಿ ಸುತ್ತಿ ಬರಲು ಗಂಟೆ ಹತ್ತಿರ ಹಿಡಿಯುವ ದಾರಿ ದೋಣಿಯಲ್ಲಿ ಕೆಲವೇ ನಿಮಿಷ. ಮಧ್ಯದಲ್ಲಿ ಎಡಕ್ಕೆ ನೋಡಿದರೆ ಸಮುದ್ರ, ಬಲಕ್ಕೆ ನೋಡಿದರೆ ಘಟ್ಟ.

## ನೆಲದ ಕಥೆ

ಬಾಯಿ ಅಷ್ಟು ಚಿಕ್ಕದು, ಒಳಗೆ ಇಷ್ಟು ಅಗಲ. ಯಾಕೆ ಹಾಗೆ?

ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ಕಾಲದಲ್ಲಿ, ಸಮುದ್ರದ ಮಟ್ಟ ಇವತ್ತಿಗಿಂತ 120 ಮೀಟರಿನಷ್ಟು ಕೆಳಗಿತ್ತು. ದಡ ಎಲ್ಲೋ ದೂರ ಪಶ್ಚಿಮಕ್ಕಿತ್ತು. ಹೊಳೆ ಆಗ ಆಳವಾದ ಕಣಿವೆ ಕೊರೆದುಕೊಂಡು ಅಲ್ಲಿಯವರೆಗೆ ಹರಿಯುತ್ತಿತ್ತು. ಹಿಮ ಕರಗಿತು, ಸಮುದ್ರ ಏರಿತು, ಆರೇಳು ಸಾವಿರ ವರ್ಷದ ಹಿಂದೆ ಹೆಚ್ಚುಕಡಿಮೆ ಈಗಿನ ಮಟ್ಟಕ್ಕೆ ಬಂತು. ಕಣಿವೆ ಮುಳುಗಿತು. ಬಾಯಿಯ ಎರಡೂ ಕಡೆ ಗಟ್ಟಿ ಗುಡ್ಡ ಇರುವುದರಿಂದ ಅಲ್ಲಿ ಅಗಲ ಆಗಲಿಲ್ಲ. ಒಳಗಿನ ತಗ್ಗು ಜಾಗವೆಲ್ಲ ನೀರಾಯಿತು. ಆಮೇಲಿಂದ ಹೊಳೆ ಘಟ್ಟದ ಮಣ್ಣು ತಂದು ತಂದು ಆ ತಗ್ಗನ್ನು ತುಂಬುತ್ತಲೇ ಇದೆ. ಈಗ ಕಾಣುವ ಕೆಸರು ಬಯಲು, ದ್ವೀಪ, ಗದ್ದೆ ಎಲ್ಲ ಆ ಕೆಲಸದ ಫಲ.

ಕೃಷ್ಣಾ, ಗೋದಾವರಿಗೆ ಡೆಲ್ಟಾ ಇದೆ, ನಮ್ಮ ಪಶ್ಚಿಮದ ನದಿಗಳಿಗೆ ಯಾಕಿಲ್ಲ?

ಓಟ ಗಿಡ್ಡ. ಘಟ್ಟದಿಂದ ಸಮುದ್ರಕ್ಕೆ ಹಾರಿದಂತೆ ಬರುತ್ತವೆ, ಪೂರ್ವದ ನದಿಗಳಷ್ಟು ಮಣ್ಣು ಹೊತ್ತು ತರುವುದಿಲ್ಲ. ತಂದದ್ದು ಮುಳುಗಿದ ಕಣಿವೆ ತುಂಬಲು ಬೇಕು. ಅದನ್ನೂ ದಾಟಿ ಹೊರಬಂದದ್ದನ್ನು ಮಳೆಗಾಲದ ಅಲೆ ಎಳೆದುಕೊಂಡು ಹೋಗುತ್ತದೆ.

ಐಗಳಕುರ್ವೆ, ಮಾವಿನಕುರ್ವೆ ಅಂತೆಲ್ಲ ಹೆಸರಿದೆಯಲ್ಲ, ಕುರ್ವೆ ಅಂದ್ರೆ?

ಹೊಳೆ ನಡುವಿನ ದ್ವೀಪ. ಐಗಳಕುರ್ವೆ ನಮ್ಮ ಅಳಿವೆಯದ್ದು, ಮಾವಿನಕುರ್ವೆ ಹೊನ್ನಾವರದ ಶರಾವತಿಯದ್ದು. ಹೆಸರಲ್ಲಿ ಕುರ್ವೆ ಕಂಡರೆ ಸುತ್ತ ನೀರು ಇದೆ ಅಥವಾ ಒಂದಾನೊಂದು ಕಾಲಕ್ಕೆ ಇತ್ತು ಅಂತ ಲೆಕ್ಕ.

ಬೇರು ಮೇಲಕ್ಕೆ ಬಂದಿರೋ ಆ ಗಿಡ ಏನು? ಕಡಿದರೆ ಏನು ನಷ್ಟ?

ಕಾಂಡ್ಲ. ಉಪ್ಪುನೀರಿನಲ್ಲಿ ಬದುಕುವ ಗಿಡ. ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೇ ಕೆಲವು ಜಾತಿಯವು ಪೆನ್ಸಿಲಿನಂಥ ಬೇರುಗಳನ್ನು ಮೇಲಕ್ಕೆ ಬಿಟ್ಟು ಉಸಿರಾಡುತ್ತವೆ. ಇನ್ನು ಕೆಲವು ಊರುಗೋಲಿನಂತೆ ಬೇರು ಚಾಚಿ ನಿಲ್ಲುತ್ತವೆ. ಕೆಲವು ಜಾತಿಯಲ್ಲಿ ಬೀಜ ತಾಯಿಮರದಲ್ಲೇ ಮೊಳೆತು ಉದ್ದನೆಯ ಸಸಿಯಾಗಿ ಕೆಳಗೆ ಬೀಳುತ್ತದೆ.

ಆ ಬೇರುಗಳ ಸಂದಿಯಲ್ಲಿ ಮರಿಮೀನು, ಸಿಗಡಿ, ಏಡಿ ಬೆಳೆಯುತ್ತವೆ. ಬೇರು ಕೆಸರನ್ನು ಹಿಡಿದಿಡುತ್ತದೆ, ಅಲೆಯ ಪೆಟ್ಟನ್ನು ತಡೆಯುತ್ತದೆ. ಅದರ ಹಿಂದಿನ ಮಣ್ಣಿನ ಕಟ್ಟೆ ಉಳಿಯುವುದು ಇದರಿಂದಲೇ. ಕಡಿದವರು ಮರುವರ್ಷ ಕಟ್ಟೆ ರಿಪೇರಿಗೆ ಕಲ್ಲು ಹೊರಬೇಕಾಗುತ್ತದೆ.

## ಅನ್ನ, ಮೀನು, ಉಪ್ಪು

ಉಪ್ಪುನೀರಲ್ಲಿ ಭತ್ತ ಬೆಳೀತಾರಂತೆ, ನಿಜಾನಾ?

ನಿಜ. ಆ ಗದ್ದೆಗೆ ಗಜನಿ ಅಂತಾರೆ, ಭತ್ತಕ್ಕೆ ಕಗ್ಗ. ಗೋವಾದ ಖಜಾನ್, ಕೇರಳದ ಪೊಕ್ಕಾಳಿ, ಕಣ್ಣೂರಿನ ಕೈಪಾಡ್ ಎಲ್ಲ ಇದೇ ಕುಟುಂಬದವು. ಗಜನಿ, ಖಜಾನ್ ಎರಡರ ನೆಂಟಸ್ತಿಕೆ ಹೆಸರಲ್ಲೇ ಕಾಣುತ್ತದೆ.

ಮೊದಲು ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಮರದ ಹಲಗೆ ಬಾಗಿಲು. ಜೂನಿನ ಮಳೆ ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಇಳಿತದಲ್ಲಿ ಬಾಗಿಲು ತೆರೆದರೆ ಆ ಉಪ್ಪುನೀರು ಹೊಳೆಗೆ ಹೋಗುತ್ತದೆ. ಉಬ್ಬರದಲ್ಲಿ ಮುಚ್ಚಿದರೆ ಸಮುದ್ರ ಒಳಗೆ ಬರಲ್ಲ. ಹೀಗೆ ಎಷ್ಟೋ ಉಬ್ಬರ ಕಳೆದ ಮೇಲೆ ಮಣ್ಣು ಬಿತ್ತನೆಗೆ ತಯಾರು. ಮೊಳಕೆ ಬರಿಸಿದ ಕಗ್ಗ ಹಾಕುತ್ತಾರೆ. ಆಮೇಲೆ ನೆರೆ ಬಂದು ಕೆಲವು ದಿನ ಮುಳುಗಿದರೂ, ಕಟ್ಟೆ ಒಡೆದು ಚೂರು ಉಪ್ಪುನೀರು ನುಗ್ಗಿದರೂ ಕಗ್ಗ ತಡೆದುಕೊಳ್ಳುತ್ತದೆ. ಎತ್ತರದ ದಂಟು, ಕಾಳಿನ ತುದಿಗೆ ಉದ್ದ ಮುಳ್ಳಿನಂಥ ಮೀಸೆ. ಹಕ್ಕಿಗಳು ಬೇಗ ಬಾಯಿ ಹಾಕಲ್ಲ. ಗೊಬ್ಬರ ಹಾಕುವ ಪದ್ಧತಿಯೇ ಇಲ್ಲ, ಹೊಳೆ ತಂದ ಗೋಡು, ಅಂದರೆ ಮೆಕ್ಕಲು ಮಣ್ಣೇ ಗೊಬ್ಬರ.

ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೊಯ್ಲು. ಕೊಯ್ಯುವಾಗ ತೆನೆ ಮಾತ್ರ ತೆಗೆದು ದಂಟನ್ನು ಗದ್ದೆಯಲ್ಲೇ ಬಿಡುತ್ತಾರೆ. ಈಗ ಬಾಗಿಲ ಕೆಲಸ ತಿರುಗಾಮುರುಗಾ. ಉಬ್ಬರದಲ್ಲಿ ತೆರೆಯುತ್ತಾರೆ, ಉಪ್ಪುನೀರಿನ ಜೊತೆ ಮೀನುಮರಿ, ಸಿಗಡಿಮರಿ ಒಳಗೆ ಬರುತ್ತವೆ. ಕೊಳೆಯುವ ದಂಟು ಅವುಗಳಿಗೆ ಊಟ. ಬೇಸಿಗೆಯವರೆಗೂ ಅದೇ ಗದ್ದೆ ಮೀನಿನ ಕೆರೆ. ನಮ್ಮ ಕಡೆ ಸಿಗಡಿಗೆ ಶೆಟ್ಲಿ ಅಂತೀವಿ. ಗಜನಿ ಶೆಟ್ಲಿಯ ರುಚಿ ಒಮ್ಮೆ ನಾಲಿಗೆಗೆ ಹತ್ತಿದರೆ ಬೆಂಗಳೂರಿನ ಐಸ್‌ಪೆಟ್ಟಿಗೆಯದು ರುಚಿಸಲ್ಲ, ಏನು ಮಾಡೋದು.

ಹಾಗಿದ್ರೆ ಆ ಅಕ್ಕಿ ಈಗ ಯಾಕೆ ಎಲ್ಲೂ ಸಿಗಲ್ಲ?

ಕಟ್ಟೆ ಕಾಯುವುದು ಊರಿನ ಕೆಲಸವಾಗಿತ್ತು. ವರ್ಷಕ್ಕೊಮ್ಮೆ ಎಲ್ಲ ಸೇರಿ ಮಣ್ಣು ಹಾಕಬೇಕು, ಒಬ್ಬನ ಹೊಲದ ಕಡೆ ಒಡೆದರೆ ಎಲ್ಲರ ಬೆಳೆ ಹೋಗುತ್ತದೆ. 1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ದೊಡ್ಡ ಒಡ್ಡುಗಳು ಬಂದವು. ಒಳ್ಳೆಯ ಉದ್ದೇಶವೇ, ಪ್ರತಿವರ್ಷದ ತಾಪತ್ರಯ ತಪ್ಪಲಿ ಅಂತ. ಆದರೆ ಒಡ್ಡು ತಮ್ಮದಲ್ಲ ಅಂತಾದ ಮೇಲೆ ಊರು ಒಟ್ಟಿಗೆ ಮಣ್ಣು ಹಾಕುವ ರೂಢಿ ಸಡಿಲವಾಯಿತು. ಮುಂದೆ ಸಿಗಡಿ ಕೃಷಿಯ ಹುಚ್ಚು ಬಂತು. ಭತ್ತಕ್ಕಿಂತ ಹತ್ತಾರು ಪಟ್ಟು ದುಡ್ಡು, ಗದ್ದೆಗಳು ಗುತ್ತಿಗೆಗೆ ಹೋದವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಸಿಗಡಿಯನ್ನು ಹೊಡೆಯಿತು. ಗುತ್ತಿಗೆದಾರರು ಹೋದರು, ಒಡೆದ ಕಟ್ಟೆ ಉಳಿಯಿತು, ಬಿತ್ತುವವರ ಮಕ್ಕಳು ನನ್ನ ಹಾಗೆ ಊರು ಬಿಟ್ಟಿದ್ದರು. ಈಗಲೂ ಮಾಣಿಕಟ್ಟಾದಂಥ ಊರುಗಳಲ್ಲಿ ಸೇರಿ ಬೆಳೆಯುವವರಿದ್ದಾರೆ. ಕೆಂಪಕ್ಕಿ, ಗಂಜಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಹೆಂಗಸರು ಕೆಸರಲ್ಲಿ ಬಗ್ಗಿ ಏನು ಹುಡುಕ್ತಾರೆ?

ಚಿಪ್ಪಿಕಲ್ಲು. ಬೆಳಚು ಅಂತಲೂ ಅಂತಾರೆ, ಮಂಗಳೂರಿನವರ ಮರುವಾಯಿ. ಎರಡು ಚಿಪ್ಪಿನ ನಡುವೆ ಬೆರಳ ತುದಿಯಷ್ಟು ಮಾಂಸ. ಇಳಿತಕ್ಕೆ ಸರಿಯಾಗಿ ಬುಟ್ಟಿ ಹಿಡಿದು ಹೋಗುತ್ತಾರೆ. ಕಾಲಿನ ಹೆಬ್ಬೆರಳಿನಿಂದಲೇ ಕೆಸರಿನೊಳಗಿನ ಗಟ್ಟಿ ಗೊತ್ತು ಮಾಡಿಕೊಳ್ಳುತ್ತಾರೆ. ಆಳದ ಕಡೆ ಗಂಡಸರು ದೋಣಿಯಿಂದ ಮುಳುಗು ಹಾಕುತ್ತಾರೆ. ನಾನು ಹತ್ತು ವರ್ಷದವನಿದ್ದಾಗ ಪಕ್ಕದ ಮನೆಯ ಅಕ್ಕನ ಹಿಂದೆ ಹೋಗಿ ಬಂಡೆಗೆ ಅಂಟಿದ ಕಲಗದ ಚಿಪ್ಪಿನ ಮೇಲೆ ಕಾಲಿಟ್ಟೆ. ಅಂಗಾಲು ಬ್ಲೇಡಿನಲ್ಲಿ ಕೊಯ್ದಂತೆ ಸೀಳಿತು. ಅಕ್ಕ ಬೈದಳು, ಅರಿಶಿನ ಮೆತ್ತಿದಳು, ಸಂಜೆ ಒಂದು ಪಾತ್ರೆ ಬೆಳಚಿನ ಸುಕ್ಕಾ ಕಳಿಸಿದಳು. ಗಾಯದ ಗುರುತು ಇನ್ನೂ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ತೆಗೆಯುತ್ತಿದ್ದರು. ಬೆಲೆ ಆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 5.8 ಕೋಟಿ ರೂಪಾಯಿ, ಕೆಲಸ ಸಿಕ್ಕವರು ಸುಮಾರು 2,300 ಜನ. ಬಂಡವಾಳ ಒಂದು ಬುಟ್ಟಿ. ಎಲ್ಲ ವರ್ಷ ಒಂದೇ ಥರ ಸಿಗಲ್ಲ ಅನ್ನೋದೂ ನಿಜ. ಹಳೆಯ ಚಿಪ್ಪಿನ ರಾಶಿಯನ್ನು ಸುಣ್ಣಕ್ಕೆ ಅಂತ ಜಾಸ್ತಿ ತೋಡಿದ ಕಡೆ ಜೀವಂತ ಚಿಪ್ಪಿಗೂ ಪೆಟ್ಟು ಬಿದ್ದಿದೆ.

ಗಮನಿಸಬೇಕಾದ್ದು ಇನ್ನೊಂದಿದೆ. ಎಲ್ಲ ಜಾತಿ ಎಲ್ಲ ಕಡೆ ಇರಲ್ಲ. ಕೆಲವಕ್ಕೆ ಬಾಯಿಯ ಹತ್ತಿರದ ಗಾಢ ಉಪ್ಪು ಬೇಕು, ಕೆಲವಕ್ಕೆ ನಡುವಿನ ಹದ, ಕಪ್ಪು ಚಿಪ್ಪಿನ ಒಂದು ಜಾತಿ ಮೇಲಿನ ಸಪ್ಪೆ ನೀರಿನ ಕಡೆಯೇ ಇರುತ್ತದೆ. ಯಾವ ಚಿಪ್ಪಿ ಎಲ್ಲಿದೆ ಅಂತ ನೋಡಿದರೆ ಹೊಳೆಯ ಉಪ್ಪಿನ ನಕ್ಷೆಯೇ ಸಿಕ್ಕಂತೆ.

ಸಾಣಿಕಟ್ಟಾ ಉಪ್ಪು ಅಂತ ಅಜ್ಜಿ ಹೇಳ್ತಿದ್ರು. ಅದು ಇಲ್ಲಿಂದಾನೇ ಬರೋದಾ?

ಹೌದು, ಗೋಕರ್ಣದ ಹತ್ತಿರ, ಇದೇ ಅಳಿವೆಯ ಪಕ್ಕದ ಉಪ್ಪಿನ ಆಗರ. ಉಬ್ಬರದ ನೀರನ್ನು ಒಳಗೆ ತಗೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ, ಬಿಸಿಲಿಗೆ ಗಟ್ಟಿ ಮಾಡುತ್ತಾ ಹೋಗುತ್ತಾರೆ. ಕೊನೆಯ ಮಡಿಯಲ್ಲಿ ಹರಳು ಕಟ್ಟುತ್ತದೆ, ಅದನ್ನು ಉದ್ದ ಕೋಲಿನ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಜನವರಿಯಿಂದ ಮೇವರೆಗೆ ಕೆಲಸ, ಮಳೆ ಬಿತ್ತೋ ಮುಗಿಯಿತು. ಉಪ್ಪಿನಕಾಯಿಗೆ ಈ ಹರಳುಪ್ಪೇ ಬೇಕು ಅನ್ನುವವರು ಬೆಂಗಳೂರಿನಲ್ಲೂ ಇದ್ದಾರೆ, ನಮ್ಮ ಮನೆಯಾಕೆಯೂ ಒಬ್ಬಳು.

ಇದೇ ಜಿಲ್ಲೆಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದರು. ಸಮುದ್ರದ ದಡದಲ್ಲಿ ಕೂತು ಉಪ್ಪಿಗೆ ತೆರಿಗೆ ಕಟ್ಟುವುದು ಎಷ್ಟು ಉರಿಯುವ ಮಾತು ಅಂತ ಆಗರ ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ.

## ಹಳೆಯ ಕಾಲ

ಮಿರ್ಜಾನ್ ಕೋಟೆ ಸಮುದ್ರದಿಂದ ಇಷ್ಟು ಒಳಗೆ ಯಾಕಿದೆ?

ಹೊಳೆಯೇ ಆಗ ರಸ್ತೆ. ಸಮುದ್ರದ ಹಡಗಿನ ಸರಕು ಚಿಕ್ಕ ದೋಣಿಗೆ ಬದಲಾಗಿ ಉಬ್ಬರ ಹಿಡಿದು ಒಳಗೆ ಬರುತ್ತಿತ್ತು, ಇಳಿತ ಹಿಡಿದು ಹೊರಗೆ ಹೋಗುತ್ತಿತ್ತು. ಹುಟ್ಟು ಹಾಕುವ ಕಷ್ಟ ಅರ್ಧಕ್ಕರ್ಧ ಕಡಿಮೆ. ಘಟ್ಟದ ಮೇಲಿನಿಂದ ಕಾಳುಮೆಣಸು ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು ಏರುತ್ತಿತ್ತು. ಉಪ್ಪಿನಪಟ್ಟಣ ಅನ್ನುವ ಊರ ಹೆಸರೇ ಆ ವ್ಯಾಪಾರದ ರಸೀದಿ. ಅಲ್ಲಿಂದ ಮುಂದೆ ಘಟ್ಟ, ದೋಣಿ ಹೋಗಲ್ಲ. ಇಂಥ ದಾರಿಯ ಮೇಲೆ ಕಣ್ಣಿಡಲು ಕೋಟೆ ಬೇಕು. ಬಾಯಿಯಿಂದ ಒಳಗಿದ್ದರೆ ಪೋರ್ಚುಗೀಸರ ದೊಡ್ಡ ಹಡಗು ನೇರವಾಗಿ ಬಂದು ಗುಂಡು ಹಾರಿಸಲೂ ಆಗಲ್ಲ.

ಕಟ್ಟಿಸಿದವರು ಯಾರು ಅನ್ನುವುದಕ್ಕೆ ಒಂದಕ್ಕಿಂತ ಹೆಚ್ಚು ಕಥೆ ಇವೆ. ಬಿಜಾಪುರದ ಅಧಿಕಾರಿಯ ಹೆಸರೂ ಬರುತ್ತದೆ. ಜನರ ಬಾಯಲ್ಲಿ ಮಾತ್ರ ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಕರೆದದ್ದು ಕಾಳುಮೆಣಸಿನ ರಾಣಿ ಅಂತ. ಕೊನೆಗೆ ಅವಳನ್ನು ಸೋಲಿಸಿದ್ದು ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ಕೆಳದಿಯವರು.

2000–01ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು ಸಿಕ್ಕವು. ಕೋಟೆ ಪೂರ್ತಿ ಕೆಂಪು ಚಿರೆಕಲ್ಲಿನದು. ಮಳೆಗಾಲದಲ್ಲಿ ಪಾಚಿ ಹಸಿರು ಹೊದ್ದುಕೊಂಡಾಗ ಹೋಗಿ. ಫೋಟೋಗೆ ಚೆನ್ನಾಗಿರುತ್ತದೆ, ಮೆಟ್ಟಿಲು ಮಾತ್ರ ಜಾರುತ್ತದೆ.

ಇಷ್ಟೆಲ್ಲ ವ್ಯಾಪಾರ ಇದ್ದದ್ದು ಎಲ್ಲಿ ಹೋಯ್ತು?

ರೈಲು ತಗೊಂಡು ಹೋಯಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಕಡೆಯ ಹತ್ತಿ ದೇವಿಮನೆ ಘಟ್ಟ ಇಳಿದು ಪಕ್ಕದ ಕುಮಟಾ ಬಂದರಿಗೆ ಬರುತ್ತಿತ್ತು. ವಿದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಂಪ್ಟಾ’ ಹತ್ತಿ ಅಂತಲೇ ಹೆಸರು. 1880ರ ದಶಕದಲ್ಲಿ ಗೋವಾದ ಮರ್ಮಗೋವಾಕ್ಕೆ ರೈಲು ಹಾಕಿದ ಮೇಲೆ ಎತ್ತಿನ ಗಾಡಿಗಳು ಆ ಕಡೆ ತಿರುಗಿದವು. ನಮ್ಮ ದಡಕ್ಕೆ ರೈಲು ಬರಲು ಇನ್ನೂ ನೂರು ವರ್ಷ ಕಾಯಬೇಕಾಯಿತು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಬೇಜಾರು ಮಾಡ್ಕೋಬೇಡಿ, ಅಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಿದೆ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ ಇದೇ. ಟ್ಯಾಂಕರಿಗೆ ಫೋನ್ ಮಾಡಿ ಕಾದು ಕೂತವರು ಕೇಳಿದರೆ ನಾನು ಬೇಜಾರು ಮಾಡಿಕೊಳ್ಳಲ್ಲ. ನಾನೂ ಕಾದಿದ್ದೇನೆ.

ಆದರೆ ಮೇಲೆ ಹೇಳಿದ್ದನ್ನು ಒಮ್ಮೆ ನೆನೆಸಿಕೊಳ್ಳಿ. ಗಜನಿಯ ಉಪ್ಪು ತೊಳೆಯುವುದು ಆ ನೀರೇ. ಗೋಡು ತರುವುದು ಅದೇ. ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಉಪ್ಪು ಏರಿದರೇನೇ ಆಗರದಲ್ಲಿ ಹರಳು, ಬಾಯಿಯ ಹತ್ತಿರ ಬೆಳಚು. ಮಳೆಗಾಲದಲ್ಲಿ ಜೋರು, ಬೇಸಿಗೆಯಲ್ಲಿ ಸಣ್ಣ. ಈ ಏರಿಳಿತದ ಮೇಲೆಯೇ ಅಳಿವೆಯ ಎಲ್ಲ ದುಡಿಮೆ ನಿಂತಿದೆ.

ಅದನ್ನು ಬದಲಿಸಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟು ಮಾಡಿದ ಮೇಲೆ ಬಿಡುವ ಸಿಹಿನೀರು ವರ್ಷಪೂರ್ತಿ ಕೆಳಗೆ ಬರುತ್ತದೆ. ಕೇಳಲು ಚೆನ್ನಾಗಿದೆ, ಬೇಸಿಗೆಯಲ್ಲೂ ಹೊಳೆ ತುಂಬಿರುತ್ತದೆ. ಆದರೆ ಉಪ್ಪು ಏರಲಿಲ್ಲ. ಹೊನ್ನಾವರದ ಅಳಿವೆಯಲ್ಲಿ ತಿನ್ನುವ ಚಿಪ್ಪಿಗಳು ಹೆಚ್ಚುಕಡಿಮೆ ಹೋದವು, ಉಪ್ಪು ಬೇಡುವ ಕಾಂಡ್ಲ ಜಾತಿಗಳೂ ಕಡಿಮೆಯಾದವು. ಶರಾವತಿಯನ್ನೂ ಅಘನಾಶಿನಿಯನ್ನೂ ಹೋಲಿಸಿ ಭಾರತೀಯ ವಿಜ್ಞಾನ ಸಂಸ್ಥೆಯವರು ಬರೆದದ್ದರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೇ ಜಿಲ್ಲೆ, ಒಂದೇ ಮಳೆ, ಒಂದೇ ಸಮುದ್ರ. ಒಂದಕ್ಕೆ ಅಣೆಕಟ್ಟು ಇದೆ, ಇನ್ನೊಂದಕ್ಕಿಲ್ಲ.

ಶರಾವತಿಯ ಕರೆಂಟಿನಿಂದ ಬೆಂಗಳೂರಿನ ದೀಪ ಉರಿದಿದೆ, ನಮ್ಮ ಮನೆಯದೂ ಸೇರಿ. ಅದನ್ನು ಬೇಡ ಅನ್ನಲು ನನಗೆ ಬಾಯಿ ಬರಲ್ಲ. ಲೆಕ್ಕ ಬರೆಯುವಾಗ ಬೆಳಚಿನ ಬುಟ್ಟಿಯನ್ನೂ ಬರೆಯಬೇಕಿತ್ತು, ಅಷ್ಟೇ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಮಾತು ಎದ್ದಾಗ ಮಲೆನಾಡು ರಸ್ತೆಗಿಳಿಯಿತು. ಈಗ ಅಘನಾಶಿನಿಯನ್ನು ಚಿತ್ರದುರ್ಗದ ಕಡೆಯ ವೇದಾವತಿ ನದಿಗೆ ಜೋಡಿಸುವ ಪ್ರಸ್ತಾಪದ ಮಾತು ಕೇಳುತ್ತಿದೆ. ಅದರಲ್ಲಿ ಎಷ್ಟು ಟಿಎಂಸಿ ಎಂಬ ಅಂಕಿ ಎಲ್ಲರೂ ಕೇಳುತ್ತಾರೆ. ಯಾವ ತಿಂಗಳಿನ ನೀರು ಅಂತ ಮೊದಲು ಕೇಳಿ ಅಂತ ನಾನು ಹೇಳುತ್ತೇನೆ.

ತದಡಿಯಲ್ಲಿ ಬಂದರು, ಪವರ್ ಪ್ಲಾಂಟ್ ಬರುತ್ತೆ ಅಂತ ಎಷ್ಟೋ ವರ್ಷದಿಂದ ಕೇಳ್ತಿದೀವಿ. ಏನಾಯ್ತು?

ಕೈಗಾರಿಕೆಗೆ ಅಂತ ಸಾವಿರಕ್ಕೂ ಹೆಚ್ಚು ಎಕರೆ ಜಮೀನನ್ನು ದಶಕಗಳ ಹಿಂದೆಯೇ ಸ್ವಾಧೀನ ಮಾಡಿಕೊಂಡರು. 2000ರ ದಶಕದಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂತು. ಮೀನುಗಾರರು, ರೈತರು, ಮಠದವರು, ವಿಜ್ಞಾನಿಗಳು ಎಲ್ಲ ಬೇಡ ಅಂದರು, ಕೈಬಿಟ್ಟರು. ಆಮೇಲೆ ದೊಡ್ಡ ಬಂದರಿನ ಸರದಿ. ಬಂದರು ಅಂದರೆ ಹೂಳೆತ್ತಬೇಕು, ಬಾಯಿ ಆಳ ಮಾಡಬೇಕು. ಬಾಯಿ ಆಳವಾದರೆ ಉಬ್ಬರದ ನೀರು ಒಳಗೆ ಬರುವ ಲೆಕ್ಕವೇ ಬೇರೆ ಆಗುತ್ತದೆ. ಅದೂ ಕಾಗದದಲ್ಲೇ ಎಳೆದಾಡಿತು. ಈಗ ತದಡಿಯಲ್ಲಿ ಇರುವುದು ಮೀನುಗಾರಿಕೆ ಬಂದರು.

ರಾಮ್ಸಾರ್ ತಾಣ ಅಂತ ಮಾಡಿದ್ರಲ್ಲ, ಅದರಿಂದ ಏನು ಬದಲಾಗುತ್ತೆ?

2024ರ ಜನವರಿ ಕೊನೆಗೆ ಘೋಷಣೆಯಾಯಿತು. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಜೌಗು ಪ್ರದೇಶಗಳನ್ನು ಉಳಿಸಲು ಆದ ಒಪ್ಪಂದದ ಪಟ್ಟಿಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಸೇರಿತು. ಜೊತೆಗೆ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ರಾಜ್ಯದಿಂದ ಅದಕ್ಕೂ ಮೊದಲು ಇದ್ದದ್ದು ರಂಗನತಿಟ್ಟು ಒಂದೇ. ಎಷ್ಟು ದೊಡ್ಡದು ಅಂತ ಕೇಳಿದರೆ, 240 ಎಕರೆಯ ಲಾಲ್‌ಬಾಗ್ ಅಂಥವು ಹತ್ತಿರ ಹತ್ತಿರ ಐವತ್ತು.

ಏನು ಬದಲಾಗುತ್ತದೆ? ಬೋರ್ಡು ಬಂದಿದೆ. ಯಾವುದೇ ದೊಡ್ಡ ಯೋಜನೆ ತರುವವರು ಈಗ ಒಂದು ಹೆಚ್ಚಿನ ಪ್ರಶ್ನೆಗೆ ಉತ್ತರ ಕೊಡಬೇಕು. ಆದರೆ ರಾಮ್ಸಾರ್ ಗೆರೆ ಅಳಿವೆಯ ಸುತ್ತ ಮಾತ್ರ. ಮೇಲೆ ಶಿರಸಿ, ಸಿದ್ದಾಪುರದಲ್ಲಿ ಹೊಳೆಗೆ ಏನಾದರೂ ಆದರೆ ಗೆರೆಯೊಳಗಿನ ನೀರಿನ ರುಚಿ ತಾನಾಗಿ ಬದಲಾಗುತ್ತದೆ. ಕಗ್ಗ ಬೆಳೆಯುವವರು, ಬೆಳಚು ತೆಗೆಯುವವರು ಮಾಡುತ್ತಾ ಬಂದದ್ದನ್ನು ನಿಲ್ಲಿಸಬೇಕಾಗಿಲ್ಲ. ಹದವರಿತ ಬಳಕೆಗೆ ಈ ಒಪ್ಪಂದದಲ್ಲೇ ಜಾಗ ಇದೆ.

ಇದೆಲ್ಲ ಸರಿ, ಬೆಂಗಳೂರಿನವರಿಗೂ ಅಳಿವೆಗೂ ಏನು ಸಂಬಂಧ?

ಬೆಂಗಳೂರಿಗೂ ಅಳಿವೆ ಇದೆ, ಒಂದಲ್ಲ ಎರಡು. ಊರು ಕೂತಿರುವುದು ಒಂದು ದಿಬ್ಬದ ಮೇಲೆ. ಪಶ್ಚಿಮದ ಕಡೆ ಬಿದ್ದ ನೀರು ವೃಷಭಾವತಿ, ಅದರಿಂದ ಅರ್ಕಾವತಿ, ಅಲ್ಲಿಂದ ಕಾವೇರಿ. ಪೂರ್ವದ ಕಡೆಯದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ. ಒಂದು ಪೂಂಪುಹಾರಿನಲ್ಲಿ, ಇನ್ನೊಂದು ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಕಾವೇರಿಗೆ ದಾರಿಯಲ್ಲಿ ಮೆಟ್ಟೂರು ಇದೆ, ಕಾಲುವೆಗಳಿವೆ. ಬೇಸಿಗೆಯಲ್ಲಿ ಸಮುದ್ರ ಮುಟ್ಟುವಷ್ಟು ನೀರು ಉಳಿಯುವುದೇ ಅಪರೂಪ.

ವಿಜಯನಗರದ ನಮ್ಮ ಮನೆಯ ಪಾತ್ರೆ ತೊಳೆದ ನೀರು ಹೋಗುವುದು ವೃಷಭಾವತಿಗೆ. ಮೈಸೂರು ರಸ್ತೆಯಲ್ಲಿ ಅದರ ಪಕ್ಕ ಬಸ್ಸು ನಿಂತಾಗ ಎಲ್ಲರೂ ಕಿಟಕಿ ಹಾಕಿಕೊಳ್ಳುತ್ತೇವೆ. ಹೋದ ಸಲ ಮಗಳು ಊರಿಂದ ವಾಪಸು ಬರುವಾಗ ಅದನ್ನು ತೋರಿಸಿ, “ಅಪ್ಪಾ, ಈ ನೀರು ಸಿಹಿನಾ ಉಪ್ಪಾ?” ಅಂತ ಕೇಳಿದಳು.